ಟೀಮಿಗೆಲ್ಲ ಒಂದೇ ಸೆಟ್ಟಿಂಗ್ಸ್: ಯಾವ ದಾರಿ ಯಾರಿಗೆ ಸರಿ?

ಬಗ್ ಫಿಕ್ಸ್‌ನಲ್ಲಿ ತಿದ್ದಿರುವುದು ಒಂದೇ ಸಾಲು. ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ತೆರೆದರೆ ಮೇಲಿಂದ ಕೆಳಗಿನವರೆಗೆ ಫೈಲೆಲ್ಲ ಕೆಂಪು, ಹಸಿರು, ಅಂದರೆ ಎಲ್ಲ ಸಾಲೂ ಬದಲಾದ ಹಾಗೆ. ಬರೆದವರು ಏನೂ ತಪ್ಪು ಮಾಡಿಲ್ಲ. ಸೇವ್ ಮಾಡುವಾಗ ಅವರ ಎಡಿಟರ್ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿದೆ, ಜೊತೆಗೆ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಗುರುತನ್ನೂ ಬದಲಿಸಿದೆ, ಅಷ್ಟೇ. ಈಗ ರಿವ್ಯೂ ಮಾಡುವವರು ಆ ರಾಶಿಯಲ್ಲಿ ನಿಜವಾಗಿ ಬದಲಾದ ಒಂದು ಸಾಲನ್ನು ಹುಡುಕಬೇಕು. ಸ್ವಲ್ಪ ಹೊತ್ತು ಹುಡುಕುತ್ತಾರೆ, ಆಮೇಲೆ ಸುಸ್ತಾಗಿ ಅಪ್ರೂವ್ ಒತ್ತುತ್ತಾರೆ. ಹೊಸ ಬಗ್‌ಗಳು ಒಳಗೆ ನುಸುಳುವುದು ಇಂಥ ಹೊತ್ತಿನಲ್ಲೇ.

ಇದನ್ನು ತಪ್ಪಿಸುವುದಕ್ಕೆ ಟೀಮಿನವರೆಲ್ಲ ಸೆಟ್ಟಿಂಗ್ಸ್ ಹಂಚಿಕೊಳ್ಳಬೇಕು ಅನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ಹೇಗೆ ಅನ್ನುವಲ್ಲಿ ಜಗಳ. ಒಬ್ಬರು ವಿಎಸ್ ಕೋಡ್ ಎಡಿಟರ್‌ನ ಸೆಟ್ಟಿಂಗ್ಸ್ ಇರುವ ‘.ವಿಎಸ್‌ಕೋಡ್’ ಫೋಲ್ಡರನ್ನು ರೆಪೊಗೆ (ಟೀಮಿನ ಕೋಡ್ ಇರುವ ಗಿಟ್ ಸಂಗ್ರಹಕ್ಕೆ) ಹಾಕಿ ಅಂತಾರೆ, ಇನ್ನೊಬ್ಬರು ಅದನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳದ ಫೈಲುಗಳ ಪಟ್ಟಿಗೆ) ಸೇರಿಸಿ ಅಂತಾರೆ, ಮೂರನೆಯವರು ಇದೆಲ್ಲ ಬೇಡ, ಕಂಟೇನರ್ (ಬೇಕಾದ ಟೂಲ್‌ಗಳೆಲ್ಲ ಒಳಗೇ ಇರುವ ಪ್ರತ್ಯೇಕ ಪರಿಸರ) ಮಾಡಿಬಿಡೋಣ ಅಂತಾರೆ. ಮೂವರ ಮಾತಲ್ಲೂ ಹುರುಳಿದೆ. ಅವರು ಬೇರೆ ಬೇರೆ ಸಮಸ್ಯೆಗೆ ಉತ್ತರ ಹೇಳುತ್ತಿದ್ದಾರೆ, ಅಷ್ಟೇ.

ಮೊದಲು ಕೇಳಬೇಕಾದ ಪ್ರಶ್ನೆ

ಯಾವ ಟೂಲ್ ಅನ್ನುವುದಕ್ಕಿಂತ ಮುಂಚೆ, ಈ ಸೆಟ್ಟಿಂಗ್ ಯಾರದ್ದು ಅಂತ ಕೇಳಿಕೊಳ್ಳಿ. ನಾನು ಬಳಸುವ ಅಳತೆ ಇದು: ಇದನ್ನು ಬದಲಿಸಿದರೆ ರೆಪೊಗೆ ಹೋಗುವ ಫೈಲ್ ಬದಲಾಗುತ್ತದಾ, ಅಥವಾ ಪ್ರೋಗ್ರಾಂ ಬಿಲ್ಡ್ ಆಗುವ, ಓಡುವ ರೀತಿ ಬದಲಾಗುತ್ತದಾ? ಹೌದಾದರೆ ಅದು ಟೀಮಿನದು. ನನ್ನ ಪರದೆ ಮಾತ್ರ ಬದಲಾಗುವುದಾದರೆ ಅದು ನನ್ನದು, ಅದರ ವಿಷಯದಲ್ಲಿ ಬೇರೆಯವರು ಮಾತಾಡುವ ಹಾಗಿಲ್ಲ.

ಇಂಡೆಂಟ್ ಎಷ್ಟು, ಸಾಲಿನ ಕೊನೆ ಹೇಗೆ, ಲಿಂಟರ್ (ಕೋಡಿನಲ್ಲಿ ತಪ್ಪು ಹುಡುಕುವ ಟೂಲ್) ನಿಯಮಗಳೇನು, ಪೈಥಾನ್ ಅಥವಾ ನೋಡ್ ಯಾವ ವರ್ಷನ್, ಇವೆಲ್ಲ ಟೀಮಿನದು. ಥೀಮ್, ಫಾಂಟ್, ಕೀಬೋರ್ಡ್ ಶಾರ್ಟ್‌ಕಟ್, ವಿಮ್ ಮೋಡ್, ಸೈಡ್‌ಬಾರ್ ಎಡಕ್ಕೋ ಬಲಕ್ಕೋ, ಇವೆಲ್ಲ ನಮ್ಮ ನಮ್ಮದು. ಇದು ಬರೀ ಮರ್ಯಾದೆಯ ಮಾತಲ್ಲ. ವಿಎಸ್ ಕೋಡ್‌ನಲ್ಲಿ ವರ್ಕ್‌ಸ್ಪೇಸ್ ಸೆಟ್ಟಿಂಗ್ (ಪ್ರಾಜೆಕ್ಟಿನದು) ಸಾಮಾನ್ಯವಾಗಿ ಯೂಸರ್ ಸೆಟ್ಟಿಂಗ್‌ಗಿಂತ (ನಿಮ್ಮದು) ಮೇಲೆ ನಿಲ್ಲುತ್ತದೆ. ಯಾರೋ ಒಬ್ಬರು ತಮ್ಮ ಫಾಂಟ್ ಸೈಜನ್ನು 12 ಅಂತ ವರ್ಕ್‌ಸ್ಪೇಸ್ ಫೈಲಿಗೆ ಸೇರಿಸಿ ಕಮಿಟ್ ಮಾಡಿದರೆ (ರೆಪೊದಲ್ಲಿ ದಾಖಲಿಸಿದರೆ), ಕಣ್ಣು ಮಂದವಾಗಿ 20 ಇಟ್ಟುಕೊಂಡವರಿಗೆ ಮುಂದಿನ ಪುಲ್ ಆದ (ಹೊಸ ಬದಲಾವಣೆ ಎಳೆದುಕೊಂಡ) ಕೂಡಲೇ ಅಕ್ಷರ ಚಿಕ್ಕದಾಗುತ್ತದೆ. ಅವರು ತಮ್ಮ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಸಲ 20 ಅಂತ ಬರೆದರೂ ಏನೂ ಆಗುವುದಿಲ್ಲ. ಸ್ಕ್ರೀನ್ ರೀಡರ್ ಬಳಸುವವರು, ಹೈ ಕಾಂಟ್ರಾಸ್ಟ್ ಥೀಮ್ ಬೇಕಾದವರು ಟೀಮಿನಲ್ಲಿದ್ದರೆ ಇದು ಕೆಲಸವನ್ನೇ ನಿಲ್ಲಿಸುವ ವಿಷಯ. ಹಾಗಾಗಿ ಈ ಗೆರೆಯನ್ನು ಗಟ್ಟಿಯಾಗಿ ಎಳೆಯಿರಿ.

ಗೆರೆಯ ಮೇಲೇ ನಿಲ್ಲುವ ಕೆಲವು ಇವೆ. ‘ಸೇವ್ ಮಾಡುವಾಗ ಫಾರ್ಮ್ಯಾಟ್ ಮಾಡು’ ಅನ್ನುವುದು ಅಂಥದ್ದು. ಕೊನೆಗೆ ಕಮಿಟ್ ಆಗುವ ಕೋಡ್ ಸರಿಯಾದ ರೂಪದಲ್ಲಿದ್ದರೆ ಸಾಕು, ಅದು ಸೇವ್ ಮಾಡುವಾಗ ಆಯಿತೋ ಕಮಿಟ್ ಮಾಡುವಾಗ ಆಯಿತೋ ಯಾರಿಗೆ ಬೇಕು? ಆದರೂ ಇದನ್ನು ನಾನು ಟೀಮಿನ ಪಟ್ಟಿಗೇ ಸೇರಿಸುತ್ತೇನೆ. ಹೊಸಬರಿಗೆ ಮೊದಲ ದಿನದಿಂದಲೇ ಇದು ಆನ್ ಆಗಿದ್ದರೆ ತಲೆನೋವು ಎಷ್ಟೋ ಕಡಿಮೆ.

ವಿಕಿ ಪುಟ, ರೀಡ್‌ಮಿ

‘ಈ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ, ಈ ಆಪ್ಶನ್ ಆನ್ ಮಾಡಿ’ ಅಂತ ಪುಟ ಬರೆದಿಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಬೇಗ ಹಳತಾಗುವುದೂ ಅದೇ. ಆ ಪುಟವನ್ನು ಹೊಸಬರು ಮಾತ್ರ ಓದುತ್ತಾರೆ, ಅದರಲ್ಲಿ ತಪ್ಪಿದೆ ಅಂತ ಗೊತ್ತಾಗುವಷ್ಟು ಅನುಭವ ಅವರಿಗೇ ಇರುವುದಿಲ್ಲ. ಯಾರ ಹತ್ತಿರ ಆಕ್ಸೆಸ್ ಕೇಳಬೇಕು, ವಿಪಿಎನ್ ಹೇಗೆ ಹಾಕಬೇಕು ಅನ್ನುವಂಥ, ಫೈಲಿನಲ್ಲಿ ಹಿಡಿದಿಡಲಾಗದ ಸಂಗತಿಗಳಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ಎಡಿಟರ್‌ಕಾನ್ಫಿಗ್ ಮತ್ತು ಫಾರ್ಮ್ಯಾಟರ್: ಎಲ್ಲ ಟೀಮೂ ಇಲ್ಲಿಂದಲೇ ಶುರು ಮಾಡಲಿ

ಯಾವ ಟೀಮಾದರೂ ಸರಿ, ನಾನು ಮೊದಲು ಹೇಳುವುದು ಇದನ್ನೇ. ಕಾರಣ ಸರಳ: ಇದಕ್ಕೆ ನಿಮ್ಮ ಎಡಿಟರ್ ಯಾವುದು ಅನ್ನುವ ಹಂಗಿಲ್ಲ.

‘.ಎಡಿಟರ್‌ಕಾನ್ಫಿಗ್’ ಅನ್ನುವುದು ರೆಪೊದ ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲಿ ಇಡುವ ಒಂದು ಪುಟ್ಟ ಟೆಕ್ಸ್ಟ್ ಫೈಲ್. ಇಂಡೆಂಟ್ ಟ್ಯಾಬೋ ಸ್ಪೇಸೋ, ಅಗಲ ಎಷ್ಟು, ಸಾಲಿನ ಕೊನೆ ಎಲ್‌ಎಫ್ (ಮ್ಯಾಕ್, ಲಿನಕ್ಸ್ ಗುರುತು) ಆಗಬೇಕೋ ಸಿಆರ್‌ಎಲ್‌ಎಫ್ (ವಿಂಡೋಸ್ ಗುರುತು) ಆಗಬೇಕೋ, ಫೈಲಿನ ಕೊನೆಯಲ್ಲೂ ಆ ಗುರುತು ಬೇಕೋ, ಸಾಲಿನ ಬಾಲದಲ್ಲಿರುವ ಸ್ಪೇಸ್ ಅಳಿಸಬೇಕೋ, ಕ್ಯಾರೆಕ್ಟರ್ ಸೆಟ್ ಯಾವುದು, ಹೆಚ್ಚುಕಡಿಮೆ ಇಷ್ಟೇ ಇದರ ವ್ಯಾಪ್ತಿ. ಜೆಟ್‌ಬ್ರೈನ್ಸ್ ಎಡಿಟರ್‌ಗಳು, ವಿಷುಯಲ್ ಸ್ಟುಡಿಯೊ, 2023ರ 0.9 ಆವೃತ್ತಿಯಿಂದ ನಿಯೋವಿಮ್, ಇವೆಲ್ಲ ಇದನ್ನು ತಾವಾಗಿಯೇ ಓದುತ್ತವೆ. ವಿಎಸ್ ಕೋಡ್‌ಗೆ ಒಂದು ಎಕ್ಸ್‌ಟೆನ್ಶನ್ ಬೇಕು. ಇದನ್ನು ಮರೆತು, ‘ಫೈಲ್ ಹಾಕಿದ್ದೇವೆ, ಆದರೂ ಕೆಲಸ ಮಾಡುತ್ತಿಲ್ಲ’ ಅನ್ನುವವರು ಜಾಸ್ತಿ.

ಬರೆಯುವಾಗ ಎರಡು ವಿಷಯ ಗಮನದಲ್ಲಿರಲಿ. ಮಾರ್ಕ್‌ಡೌನ್‌ನಲ್ಲಿ ಸಾಲಿನ ಕೊನೆಯ ಎರಡು ಸ್ಪೇಸ್‌ಗೆ ಅರ್ಥ ಇದೆ, ಅದು ಸಾಲು ಮುರಿಯುವ ಗುರುತು. ಅಲ್ಲಿ ಬಾಲದ ಸ್ಪೇಸ್ ಅಳಿಸುವುದನ್ನು ಆಫ್ ಮಾಡಿ. ಮೇಕ್‌ಫೈಲ್‌ನಲ್ಲಿ ಕಮಾಂಡಿನ ಮುಂದೆ ಟ್ಯಾಬೇ ಇರಬೇಕು, ಸ್ಪೇಸ್ ಹಾಕಿದರೆ ಓಡುವುದೇ ಇಲ್ಲ. ಇವೆರಡಕ್ಕೂ ಬೇರೆ ನಿಯಮ ಬರೆದಿಡಿ. ಇನ್ನು ಮೇಲ್ಗಡೆ ‘ರೂಟ್ = ಟ್ರೂ’ ಅನ್ನುವ ಸಾಲು ಇರಲೇಬೇಕು. ಇಲ್ಲದಿದ್ದರೆ ಎಡಿಟರ್ ಮೇಲಿನ ಫೋಲ್ಡರ್‌ಗಳಲ್ಲೂ ಹುಡುಕುತ್ತಾ ಹೋಗುತ್ತದೆ, ಯಾರದ್ದೋ ಹೋಮ್ ಫೋಲ್ಡರ್‌ನಲ್ಲಿ ಬಿದ್ದಿರುವ ಹಳೆಯ ಫೈಲಿನ ನಿಯಮಗಳೂ ಬಂದು ಸೇರಿಕೊಳ್ಳುತ್ತವೆ.

ಸಾಲಿನ ಕೊನೆಯ ಗುರುತಿಗೆ ಎಡಿಟರ್‌ಕಾನ್ಫಿಗ್ ಒಂದೇ ಸಾಲದು. ವಿಂಡೋಸ್ ಮತ್ತು ಮ್ಯಾಕ್, ಲಿನಕ್ಸ್ ಬಳಸುವವರು ಒಟ್ಟಿಗಿದ್ದರೆ ಯಾವ ಫೈಲನ್ನು ಗಿಟ್ ಹೇಗೆ ನೋಡಿಕೊಳ್ಳಬೇಕು ಅಂತ ಹೇಳುವ ‘.ಗಿಟ್‌ಆಟ್ರಿಬ್ಯೂಟ್ಸ್’ ಫೈಲೂ ಬೇಕು. ಸಾಲಿನ ಕೊನೆಯನ್ನು ತಾನಾಗಿ ಬದಲಿಸುವ ಗಿಟ್‌ನ ‘ಆಟೊಸಿಆರ್‌ಎಲ್‌ಎಫ್’ ಸೆಟ್ಟಿಂಗ್ ಪ್ರತಿಯೊಬ್ಬರ ಮೆಷಿನ್‌ನಲ್ಲಿ ಬೇರೆ ಬೇರೆ ಇರುತ್ತದೆ, ಅದನ್ನು ನಂಬಿ ಕೂರುವ ಹಾಗಿಲ್ಲ. ಗಿಟ್‌ಆಟ್ರಿಬ್ಯೂಟ್ಸ್ ರೆಪೊದ ಜೊತೆಗೇ ಬರುತ್ತದೆ, ಎಲ್ಲರಿಗೂ ಒಂದೇ. ಹಳೆಯ ರೆಪೊಗೆ ಇದನ್ನು ಸೇರಿಸಿದ ಮೇಲೆ ‘ಗಿಟ್ ಆಡ್’ ಕಮಾಂಡನ್ನು ‘ರೀನಾರ್ಮಲೈಸ್’ ಆಪ್ಶನ್ ಜೊತೆ ಒಮ್ಮೆ ಓಡಿಸಬೇಕು. ಇಲ್ಲದಿದ್ದರೆ ಹಳೆಯ ಫೈಲುಗಳು ಹಾಗೇ ಉಳಿದು, ಮುಟ್ಟಿದಾಗಲೆಲ್ಲ ಒಂದೊಂದಾಗಿ ಡಿಫ್‌ನಲ್ಲಿ (ಬದಲಾವಣೆ ತೋರಿಸುವ ನೋಟದಲ್ಲಿ) ಬಂದು ಕಾಡುತ್ತವೆ.

ಇದರ ಮೇಲೆ ಒಂದು ಫಾರ್ಮ್ಯಾಟರ್, ಅಂದರೆ ಕೋಡಿನ ರೂಪವನ್ನು ತಾನಾಗಿ ಸರಿಪಡಿಸುವ ಟೂಲ್. ಗೋ ಭಾಷೆಯಲ್ಲಿ ಗೋಫಮ್ಟ್ ಜೊತೆಗೇ ಬರುತ್ತದೆ, ಅದರಲ್ಲಿ ಶೈಲಿ ಬದಲಿಸುವ ಆಪ್ಶನ್ನೇ ಇಲ್ಲ, ಹಾಗಾಗಿ ಜಗಳವೂ ಇಲ್ಲ. ರಸ್ಟ್‌ಗೆ ರಸ್ಟ್‌ಫಮ್ಟ್, ಪೈಥಾನ್‌ಗೆ ಬ್ಲ್ಯಾಕ್ ಅಥವಾ ರಫ್, ಜಾವಾಸ್ಕ್ರಿಪ್ಟ್ ಕಡೆಗೆ ಪ್ರೆಟಿಯರ್. ಯಾವುದನ್ನೇ ಆರಿಸಿ, ಆದರೆ ವರ್ಷನ್ ಬಿಗಿಯಾಗಿ ಕಟ್ಟಿ, ಅಂದರೆ ಎಲ್ಲರೂ ಒಂದೇ ನಿಖರ ವರ್ಷನ್ ಬಳಸುವಂತೆ ಬರೆದಿಡಿ. ಪ್ರೆಟಿಯರ್‌ನವರು ತಾವೇ ನಿಖರವಾದ ವರ್ಷನ್ ಹಾಕಿಕೊಳ್ಳಿ ಅಂತ ಹೇಳುತ್ತಾರೆ, ಯಾಕೆಂದರೆ ಚಿಕ್ಕ ಅಪ್‌ಡೇಟ್‌ನಲ್ಲೂ ಔಟ್‌ಪುಟ್ ಸ್ವಲ್ಪ ಬದಲಾಗಬಹುದು. ಬ್ಲ್ಯಾಕ್ ತನ್ನ ಶೈಲಿಯನ್ನು ಒಂದು ಕ್ಯಾಲೆಂಡರ್ ವರ್ಷದೊಳಗೆ ಬದಲಿಸುವುದಿಲ್ಲ, ಹೊಸ ಶೈಲಿ ಜನವರಿಯಲ್ಲಿ ಬರುತ್ತದೆ. ವರ್ಷನ್ ಕಟ್ಟದ ಟೀಮಿನಲ್ಲಿ ಆಗುವುದು ಹೀಗೆ: ಇಬ್ಬರೂ ಒಂದೇ ಫಾರ್ಮ್ಯಾಟರ್ ಬಳಸುತ್ತಾರೆ, ಒಬ್ಬರದ್ದು ಹೊಸದು, ಒಬ್ಬರದ್ದು ಹಳೆಯದು. ಒಬ್ಬರು ಸೇವ್ ಮಾಡಿದಾಗ ಬ್ರಾಕೆಟ್ ಕೆಳಗಿನ ಸಾಲಿಗೆ ಹೋಗುತ್ತದೆ, ಇನ್ನೊಬ್ಬರು ಸೇವ್ ಮಾಡಿದಾಗ ವಾಪಸ್ ಮೇಲೆ ಬರುತ್ತದೆ. ಇಬ್ಬರಿಗೂ ತಮ್ಮದೇ ಸರಿ.

ಎಡಿಟರ್ ಒಳಗಿನ ಎಕ್ಸ್‌ಟೆನ್ಶನ್ ತನ್ನದೇ ಫಾರ್ಮ್ಯಾಟರ್ ಹೊತ್ತು ತಂದಿರಬಹುದು ಅನ್ನುವುದನ್ನೂ ಮರೆಯಬೇಡಿ. ಪ್ರಾಜೆಕ್ಟಿನಲ್ಲಿ ಇನ್‌ಸ್ಟಾಲ್ ಆಗಿರುವುದನ್ನೇ ಬಳಸುವಂತೆ ಅದಕ್ಕೆ ಹೇಳಿಕೊಡಬೇಕು.

ಎಡಿಟರ್ ಫೋಲ್ಡರನ್ನೇ ರೆಪೊಗೆ ಹಾಕುವುದು

ಟೀಮಿನಲ್ಲಿ ಹೆಚ್ಚಿನವರು ಒಂದೇ ಎಡಿಟರ್ ಬಳಸುತ್ತಿದ್ದರೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಎಡಿಟರ್‌ಕಾನ್ಫಿಗ್‌ಗೆ ನಿಲುಕದ್ದು ಇಲ್ಲಿ ಸಿಗುತ್ತದೆ: ಡೀಬಗ್ ಹೇಗೆ ಶುರು ಮಾಡಬೇಕು, ಟೆಸ್ಟ್ ಹೇಗೆ ಓಡಿಸಬೇಕು, ಯಾವ ಫೋಲ್ಡರನ್ನು ಹುಡುಕಾಟದಿಂದ ಬಿಡಬೇಕು ಅನ್ನುವಂಥದ್ದು.

ವಿಎಸ್ ಕೋಡ್‌ನ ಫೋಲ್ಡರ್‌ನಲ್ಲಿ ಮುಖ್ಯವಾಗಿ ನಾಲ್ಕು ಫೈಲ್: ಸೆಟ್ಟಿಂಗ್ಸ್, ಎಕ್ಸ್‌ಟೆನ್ಶನ್ಸ್, ಲಾಂಚ್, ಟಾಸ್ಕ್ಸ್. ನಾಲ್ಕನ್ನೂ ಒಂದೇ ಕಣ್ಣಲ್ಲಿ ನೋಡಬೇಡಿ. ಎಕ್ಸ್‌ಟೆನ್ಶನ್ಸ್ ಫೈಲ್ ಯಾವ ಅಪಾಯವೂ ಇಲ್ಲದ್ದು. ಪ್ರಾಜೆಕ್ಟ್ ತೆರೆದವರಿಗೆ ‘ಇವುಗಳನ್ನು ಹಾಕಿಕೊಳ್ಳುತ್ತೀರಾ’ ಅಂತ ಕೇಳುತ್ತದೆ, ಬಲವಂತ ಮಾಡುವುದಿಲ್ಲ. ಇದೊಂದನ್ನು ಕಣ್ಮುಚ್ಚಿಕೊಂಡು ಹಾಕಬಹುದು. ಆದರೆ ಪಟ್ಟಿ ಚಿಕ್ಕದಿರಲಿ. ಇಪ್ಪತ್ತು ಎಕ್ಸ್‌ಟೆನ್ಶನ್ ಸೂಚಿಸಿದರೆ ಜನ ಒಂದನ್ನೂ ಹಾಕದೆ ಆ ಕಿಟಕಿ ಮುಚ್ಚುತ್ತಾರೆ. ಒಂದೇ ಕೆಲಸಕ್ಕೆ ಜಗಳವಾಡುವ ಎಕ್ಸ್‌ಟೆನ್ಶನ್‌ಗಳಿದ್ದರೆ ‘ಇವು ಬೇಡ’ ಅನ್ನುವ ಪಟ್ಟಿಯನ್ನೂ ಅದೇ ಫೈಲಿನಲ್ಲಿ ಬರೆಯಬಹುದು.

ಲಾಂಚ್ ಫೈಲ್ ಹಂಚಿಕೊಂಡರೆ ಹೊಸಬರಿಗೆ ಸಿಗುವ ಲಾಭ ದೊಡ್ಡದು. ಎಫ್5 ಒತ್ತಿದರೆ ಸರ್ವರ್ ಡೀಬಗ್ ಮೋಡ್‌ನಲ್ಲಿ ಏಳುತ್ತದೆ, ಬ್ರೇಕ್‌ಪಾಯಿಂಟ್ ಹಿಡಿಯುತ್ತದೆ. ಇಷ್ಟಕ್ಕೇ ಎಷ್ಟೋ ಜನ ಮೊದಲ ವಾರ ಕಳೆದುಕೊಳ್ಳುತ್ತಾರೆ. ಒಂದೇ ಎಚ್ಚರಿಕೆ, ನಿಮ್ಮ ಮೆಷಿನ್ನಿನ ಪೂರ್ತಿ ಪಾತ್ ಅದರಲ್ಲಿ ಇರಬಾರದು. ‘ವರ್ಕ್‌ಸ್ಪೇಸ್‌ಫೋಲ್ಡರ್’ ಅನ್ನುವ ವೇರಿಯಬಲ್ ಇರುವುದು ಅದಕ್ಕೇ. ಪೈಥಾನ್ ಇಂಟರ್‌ಪ್ರಿಟರ್‌ನ ಪಾತ್ ಸೆಟ್ಟಿಂಗ್ಸ್ ಫೈಲಿನಲ್ಲಿ ಸೇರಿಕೊಂಡು, ಒಬ್ಬರ ಹೋಮ್ ಫೋಲ್ಡರಿನ ಹೆಸರು ಎಲ್ಲರ ಮೆಷಿನ್‌ಗೂ ಹೋಗುವುದು ತೀರಾ ಸಾಮಾನ್ಯ.

ಕಷ್ಟ ಇರುವುದು ಸೆಟ್ಟಿಂಗ್ಸ್ ಫೈಲಿನಲ್ಲೇ. ಎಡಿಟರ್‌ನಲ್ಲಿ ಏನೋ ಒಂದು ಆಪ್ಶನ್ ಬದಲಿಸುವಾಗ ‘ಯೂಸರ್’ ಬದಲು ‘ವರ್ಕ್‌ಸ್ಪೇಸ್’ ಟ್ಯಾಬ್ ತೆರೆದಿದ್ದರೆ ಅದು ಹೋಗಿ ರೆಪೊದಲ್ಲಿ ಕೂರುತ್ತದೆ. ಕೆಲವು ಎಕ್ಸ್‌ಟೆನ್ಶನ್‌ಗಳೂ ಹೇಳದೆ ಕೇಳದೆ ಅಲ್ಲಿ ಬರೆಯುತ್ತವೆ. ಇನ್ನೊಂದು ಕಡೆ, ಟೀಮಿನ ಸೆಟ್ಟಿಂಗ್ ಒಪ್ಪದವರಿಗೆ ಅದನ್ನು ತಮ್ಮ ಮಟ್ಟಿಗೆ ಬದಲಿಸಿಕೊಳ್ಳಲು ಬೇರೆ ಜಾಗ ಇಲ್ಲ. ಆಗ ಅವರು ಫೈಲನ್ನೇ ತಿದ್ದಿ, ಗಿಟ್‌ಗೆ ‘ಸ್ಕಿಪ್ ವರ್ಕ್‌ಟ್ರೀ’ ಅಂತ ಹೇಳಿ ಬದಲಾವಣೆ ಮುಚ್ಚಿಡುತ್ತಾರೆ. ಮುಂದೆ ಯಾವತ್ತೋ ಆ ಫೈಲ್ ಮೇಲ್ಗಡೆ ಬದಲಾದಾಗ ಪುಲ್ ನಿಂತುಹೋಗುತ್ತದೆ, ಕಾರಣ ಅವರಿಗೇ ಮರೆತುಹೋಗಿರುತ್ತದೆ. ಹಾಗಾಗಿ ನನ್ನ ಸಲಹೆ: ಸೆಟ್ಟಿಂಗ್ಸ್ ಫೈಲಿನಲ್ಲಿ ಬೆರಳೆಣಿಕೆಯಷ್ಟು ಸಾಲು ಇರಲಿ. ಡೀಫಾಲ್ಟ್ ಫಾರ್ಮ್ಯಾಟರ್ ಯಾವುದು, ಸೇವ್ ಮಾಡುವಾಗ ಫಾರ್ಮ್ಯಾಟ್, ಹುಡುಕಾಟದಿಂದ ಬಿಡಬೇಕಾದ ಫೋಲ್ಡರ್‌ಗಳು, ಟೆಸ್ಟ್ ಫ್ರೇಮ್‌ವರ್ಕ್. ಈ ಫೈಲಿನ ಪ್ರತಿ ಬದಲಾವಣೆಯನ್ನೂ ಕೋಡಿನಷ್ಟೇ ಗಂಭೀರವಾಗಿ ರಿವ್ಯೂ ಮಾಡಿ. ವಿಎಸ್ ಕೋಡ್ ಇಲ್ಲಿ ಕಾಮೆಂಟ್ ಬರೆಯಲು ಬಿಡುತ್ತದೆ, ಹಾಗಾಗಿ ಯಾಕೆ ಹಾಕಿದ್ದು ಅಂತ ಪಕ್ಕದಲ್ಲೇ ಬರೆದಿಡಿ.

ಜೆಟ್‌ಬ್ರೈನ್ಸ್ ಕಡೆಯವರಿಗೆ ‘.ಐಡಿಯಾ’ ಫೋಲ್ಡರ್. ಇದನ್ನು ಪೂರ್ತಿ ಇಗ್ನೋರ್ ಮಾಡುವ ಅಭ್ಯಾಸ ತುಂಬಾ ಜನರಿಗಿದೆ, ಆದರೆ ಅದರ ಅಗತ್ಯ ಇಲ್ಲ. ಜೆಟ್‌ಬ್ರೈನ್ಸ್‌ನವರ ಮಾತೇ ಹೀಗಿದೆ: ‘ವರ್ಕ್‌ಸ್ಪೇಸ್’, ‘ಯೂಸೇಜ್ ಸ್ಟ್ಯಾಟಿಸ್ಟಿಕ್ಸ್’ ಅನ್ನುವ ಎಕ್ಸ್‌ಎಂಎಲ್ ಫೈಲುಗಳು ಮತ್ತು ‘ಶೆಲ್ಫ್’ ಫೋಲ್ಡರ್ ಬಿಟ್ಟು ಉಳಿದದ್ದನ್ನು ಹಂಚಿಕೊಳ್ಳಬಹುದು. ನಿಜವಾಗಿ ಬೇಕಾಗುವುದು ಕೋಡ್ ಸ್ಟೈಲ್, ಇನ್‌ಸ್ಪೆಕ್ಷನ್ ಪ್ರೊಫೈಲ್, ರನ್ ಕಾನ್ಫಿಗರೇಶನ್ ಮೂರೇ. ರನ್ ಕಾನ್ಫಿಗರೇಶನ್ ಬರೆಯುವ ಕಿಟಕಿಯಲ್ಲಿ ‘ಪ್ರಾಜೆಕ್ಟ್ ಫೈಲಾಗಿ ಇಡು’ ಅನ್ನುವ ಟಿಕ್ ಇದೆ, ಅದನ್ನು ಹಾಕಿದರೆ ಮಾತ್ರ ಅದು ಹಂಚಿಕೊಳ್ಳಲು ಸಿಗುತ್ತದೆ. ಇಲ್ಲಿ ಒಂದು ಒಳ್ಳೆಯ ಗುಣ ಇದೆ, ವೈಯಕ್ತಿಕ ಮತ್ತು ಟೀಮಿನ ಸಂಗತಿಗಳು ಬೇರೆ ಬೇರೆ ಫೈಲಿನಲ್ಲಿ ಇರುತ್ತವೆ. ಈ ವಿಷಯದಲ್ಲಿ ವಿಎಸ್ ಕೋಡ್‌ಗಿಂತ ಇದೇ ಅಚ್ಚುಕಟ್ಟು.

ಟೀಮಿನಲ್ಲಿ ಎರಡೂ ಎಡಿಟರ್ ಇದ್ದರೆ? ಎರಡೂ ಫೋಲ್ಡರ್ ಇಡಿ, ಆದರೆ ನಿಯಮಗಳು ಎಡಿಟರ್‌ನ ಒಳಗೆ ಇರದೆ ಫಾರ್ಮ್ಯಾಟರ್ ಮತ್ತು ಲಿಂಟರ್‌ನ ಸ್ವಂತ ಫೈಲಿನಲ್ಲಿ ಇರಲಿ. ಒಂದೇ ನಿಯಮವನ್ನು ಎರಡು ಕಡೆ ಬರೆದರೆ ಇವತ್ತಲ್ಲ ನಾಳೆ ಎರಡೂ ಬೇರೆಯಾಗುತ್ತವೆ.

ಪ್ರೊಫೈಲ್, ಸಿಂಕ್

ಸೆಟ್ಟಿಂಗ್ಸ್ ಸಿಂಕ್ ಇರುವುದು ಒಬ್ಬರ ಎರಡು ಮೆಷಿನ್‌ಗಳ ನಡುವೆ, ಟೀಮಿಗಲ್ಲ. ಎಲ್ಲರಿಗೂ ಒಂದು ಅಕೌಂಟ್ ಮಾಡಿ ಅದರಲ್ಲೇ ಸಿಂಕ್ ಮಾಡುವ ಉಪಾಯ ಯಾರಾದರೂ ಹೇಳಿದರೆ ಬೇಡ ಅನ್ನಿ. ವಿಎಸ್ ಕೋಡ್‌ನ ಪ್ರೊಫೈಲನ್ನು ಎಕ್ಸ್‌ಪೋರ್ಟ್ ಮಾಡಿ ಕೊಡಬಹುದು, ಆದರೆ ಅದು ಆ ಕ್ಷಣದ ನಕಲು. ನೀವು ಆಮೇಲೆ ಬದಲಿಸಿದ್ದು ಪಡೆದವರಿಗೆ ತಾನಾಗಿ ಹೋಗುವುದಿಲ್ಲ. ತರಬೇತಿ, ವರ್ಕ್‌ಶಾಪ್‌ಗೆ ಚೆನ್ನಾಗಿದೆ. ದಿನನಿತ್ಯದ ಟೀಮಿಗೆ ಸಾಲದು.

ಹುಕ್ ಮತ್ತು ಸಿಐ

ಇಲ್ಲಿಯವರೆಗೆ ಹೇಳಿದ್ದೆಲ್ಲ ಸಹಾಯ ಮಾಡುತ್ತದೆ, ಯಾವುದೂ ತಡೆಯುವುದಿಲ್ಲ. ತಡೆಯುವುದು ಸಿಐ (ಬದಲಾವಣೆ ಬಂದಾಗಲೆಲ್ಲ ಸರ್ವರ್‌ನಲ್ಲಿ ತಾನಾಗಿ ನಡೆಯುವ ಪರೀಕ್ಷೆ) ಮಾತ್ರ.

ಗಿಟ್ ಹುಕ್‌ಗಳು (ಕಮಿಟ್‌ನಂಥ ಹೊತ್ತಿನಲ್ಲಿ ತಾವಾಗಿ ಓಡುವ ಸ್ಕ್ರಿಪ್ಟ್‌ಗಳು) ‘.ಗಿಟ್’ ಫೋಲ್ಡರ್ ಒಳಗೆ ಇರುವುದರಿಂದ ಕ್ಲೋನ್ ಮಾಡಿದಾಗ ಬರುವುದಿಲ್ಲ. 2016ರಲ್ಲಿ ಬಂದ ಗಿಟ್ 2.9ರಿಂದ ಹುಕ್ ಫೋಲ್ಡರಿನ ಪಾತ್ ಬದಲಿಸಬಹುದು, ಆದರೆ ಅದನ್ನೂ ಪ್ರತಿಯೊಬ್ಬರೂ ಒಮ್ಮೆ ಸೆಟ್ ಮಾಡಬೇಕು. ಹಸ್ಕಿ, ಪ್ರಿ-ಕಮಿಟ್, ಲೆಫ್ಟ್‌ಹುಕ್ ಅನ್ನುವ ಟೂಲ್‌ಗಳು ಹುಕ್‌ಗಳನ್ನು ಪ್ರತಿ ಮೆಷಿನ್‌ನಲ್ಲಿ ಜೋಡಿಸುವ ಕೆಲಸ ಮಾಡುತ್ತವೆ. ‘ನೋ ವೆರಿಫೈ’ ಅಂತ ಬರೆದರೆ ಯಾರು ಬೇಕಾದರೂ ಹುಕ್ ದಾಟಬಹುದು, ಅದು ತಪ್ಪೂ ಅಲ್ಲ. ರಾತ್ರಿ ಅರ್ಧ ಮಾಡಿದ ಕೆಲಸವನ್ನು ಸುಮ್ನೆ ಒಂದು ಬ್ರ್ಯಾಂಚ್‌ಗೆ ತಳ್ಳಿ ಮಲಗಲು ಬಿಡಬೇಕಲ್ವಾ? ಹಾಗಾಗಿ ಹುಕ್ ಬೇಗ ಓಡಬೇಕು, ಬದಲಾದ ಫೈಲನ್ನು ಮಾತ್ರ ನೋಡಬೇಕು. ಪೂರ್ತಿ ಟೆಸ್ಟ್ ಸೂಟನ್ನು ಕಮಿಟ್ ಹುಕ್‌ನಲ್ಲಿ ಇಟ್ಟರೆ ಜನ ಅದನ್ನು ದಾಟುವುದನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಕೊನೆಯ ಮಾತು ಸಿಐದು: ಅಲ್ಲಿ ಫಾರ್ಮ್ಯಾಟರನ್ನು ‘ಚೆಕ್’ ಮೋಡ್‌ನಲ್ಲಿ ಓಡಿಸಿ, ತಪ್ಪಿದ್ದರೆ ಮರ್ಜ್ ಆಗಬಾರದು. ಇದು ಇದ್ದರೆ ಯಾರು ಯಾವ ಎಡಿಟರ್ ಬಳಸುತ್ತಾರೆ ಅಂತ ನೀವು ಕೇಳುವ ಅಗತ್ಯವೇ ಬೀಳುವುದಿಲ್ಲ.

ಡೆವ್ ಕಂಟೇನರ್: ಬೇಕಾದಾಗ ಮಾತ್ರ

ಇದು ಬೇರೆಯದೇ ಮಟ್ಟದ ದಾರಿ. ಎಡಿಟರ್ ಸೆಟ್ಟಿಂಗ್ಸ್ ಜೊತೆಗೆ ಆಪರೇಟಿಂಗ್ ಸಿಸ್ಟಮ್, ಕಂಪೈಲರ್, ಲೈಬ್ರರಿ, ಡೇಟಾಬೇಸ್ ಕ್ಲೈಂಟ್, ಎಲ್ಲವನ್ನೂ ‘ಡೆವ್‌ಕಂಟೇನರ್.ಜೇಸನ್’ ಅನ್ನುವ ಫೈಲಿನಲ್ಲಿ ಬರೆದಿಡಬಹುದು. ಪ್ರಾಜೆಕ್ಟ್ ತೆರೆದಾಗ ಎಡಿಟರ್ ಕಂಟೇನರ್ ಕಟ್ಟಿ ಅದರೊಳಗೆ ಕೂರುತ್ತದೆ. ವಿಎಸ್ ಕೋಡ್‌ನಲ್ಲಿ ಶುರುವಾದದ್ದು ಈಗ ಎಲ್ಲರಿಗೂ ತೆರೆದ ಸ್ಪೆಸಿಫಿಕೇಶನ್ ಆಗಿದೆ. ಗಿಟ್‌ಹಬ್ ಕೋಡ್‌ಸ್ಪೇಸಸ್ ಇದನ್ನೇ ಓದುತ್ತದೆ, ಜೆಟ್‌ಬ್ರೈನ್ಸ್ ಕೂಡ ಬೆಂಬಲಿಸುತ್ತದೆ.

ಯಾರಿಗೆ ಇದು ಬೇಕು? ಸೆಟಪ್ ಮಾಡುವುದೇ ದಿನಗಟ್ಟಲೆ ಹಿಡಿಯುವ ಪ್ರಾಜೆಕ್ಟ್‌ಗಳಿಗೆ. ಹಳೆಯ ಸಿ ಲೈಬ್ರರಿ, ನಿರ್ದಿಷ್ಟ ವರ್ಷನ್‌ನ ಪೋಸ್ಟ್‌ಗ್ರೆಸ್, ಲಿನಕ್ಸ್‌ನಲ್ಲಿ ಮಾತ್ರ ಬಿಲ್ಡ್ ಆಗುವ ಒಂದು ಪ್ಯಾಕೇಜ್, ಇಂಥವು ಒಟ್ಟಿಗೆ ಬಂದಾಗ ಇದು ಕೊಡುವ ನೆಮ್ಮದಿ ದೊಡ್ಡದು. ಆಗಾಗ ಹೊಸಬರು ಸೇರುವ ಟೀಮಿಗೂ, ಯಾರ್ಯಾರೋ ಬಂದು ಒಂದು ಪ್ಯಾಚ್ ಕಳಿಸಿ ಹೋಗುವ ಓಪನ್ ಸೋರ್ಸ್ ಪ್ರಾಜೆಕ್ಟಿಗೂ ಒಳ್ಳೆಯದು.

ಇದಕ್ಕೆ ಕೊಡಬೇಕಾದ ಬೆಲೆಯನ್ನೂ ನೋಡಿ. ಮ್ಯಾಕ್‌ನಲ್ಲಿ ಮತ್ತು ವಿಂಡೋಸ್‌ನಲ್ಲಿ ಹೊರಗಿನ ಫೋಲ್ಡರನ್ನು ಕಂಟೇನರ್ ಒಳಗೆ ಜೋಡಿಸಿದಾಗ ಫೈಲ್ ಓದುವುದು ನಿಧಾನವಾಗುತ್ತದೆ. ಸಾವಿರಾರು ಚಿಕ್ಕ ಫೈಲುಗಳಿರುವ ನೋಡ್ ಮಾಡ್ಯೂಲ್ಸ್‌ನಂಥ ಫೋಲ್ಡರಿದ್ದರೆ ಅದು ಕಣ್ಣಿಗೇ ಕಾಣುತ್ತದೆ. ಆ ಫೋಲ್ಡರನ್ನು ಡಾಕರ್ ವಾಲ್ಯೂಮ್‌ನಲ್ಲಿ ಇಡುವುದು, ವಿಂಡೋಸ್‌ನಲ್ಲಾದರೆ ಕೋಡನ್ನೇ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೆ ಓಡುವ ಲಿನಕ್ಸ್) ಒಳಗೆ ಇಡುವುದು ಇದಕ್ಕೆ ಮದ್ದು. ಆರ್ಮ್ ಚಿಪ್ ಇರುವ ಮ್ಯಾಕ್‌ನಲ್ಲಿ ಇಂಟೆಲ್ ಇಮೇಜ್ ಓಡಿಸಿದರೆ ಎಮ್ಯುಲೇಶನ್‌ನಿಂದ ಮತ್ತಷ್ಟು ನಿಧಾನ, ಹಾಗಾಗಿ ಎರಡೂ ಚಿಪ್‌ಗೆ ಸಿಗುವ ಇಮೇಜ್ ಆರಿಸಿ. ಡಾಕರ್ ಡೆಸ್ಕ್‌ಟಾಪ್ ಎಲ್ಲ ಕಂಪನಿಗೂ ಉಚಿತವಲ್ಲ: 2021ರಲ್ಲಿ ಬದಲಾದ ನಿಯಮದ ಪ್ರಕಾರ 250ಕ್ಕಿಂತ ಹೆಚ್ಚು ನೌಕರರು, ಅಥವಾ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಹೆಚ್ಚು ವರಮಾನ ಇದ್ದರೆ ಹಣ ಕೊಟ್ಟು ಲೈಸೆನ್ಸ್ ಪಡೆಯಬೇಕು. ಪಾಡ್‌ಮನ್‌ನಂಥ ಬದಲಿಗಳಿವೆ, ಅವುಗಳಿಗೆ ಸ್ವಲ್ಪ ಹೆಚ್ಚು ತಿದ್ದುಪಡಿ ಬೇಕಾಗುತ್ತದೆ. ಇನ್ನು ಐಫೋನ್ ಆ್ಯಪ್ ಬಿಲ್ಡ್ ಮಾಡುವವರಿಗೆ ಎಕ್ಸ್‌ಕೋಡ್, ಮ್ಯಾಕ್‌ಓಎಸ್ ಬೇಕೇ ಬೇಕು, ಅಲ್ಲಿ ಕಂಟೇನರ್‌ನಿಂದ ಪ್ರಯೋಜನವಿಲ್ಲ.

ಕಂಟೇನರ್ ಫೈಲನ್ನು ನೋಡಿಕೊಳ್ಳಲು ಒಬ್ಬರಾದರೂ ಬೇಕು ಅನ್ನುವುದು ಇದೆಲ್ಲಕ್ಕಿಂತ ಮುಖ್ಯ. ಬೇಸ್ ಇಮೇಜಿಗೆ ‘ಲೇಟೆಸ್ಟ್’ ಅಂತ ಬರೆದರೆ ಯಾವತ್ತೋ ಒಂದು ದಿನ ಬೆಳಿಗ್ಗೆ ಹೊಸ ಇಮೇಜ್ ಎಳೆದುಕೊಂಡವರಿಗೆ ಮಾತ್ರ ಬಿಲ್ಡ್ ಮುರಿದಿರುತ್ತದೆ, ಉಳಿದವರಿಗೆ ಸರಿಯಾಗೇ ಇರುತ್ತದೆ. ವರ್ಷನ್ ಕಟ್ಟಿ, ಸಿಐಯಲ್ಲೂ ಅದೇ ಇಮೇಜ್ ಬಳಸಿ. ಸಿಐ ಒಂದು ಇಮೇಜ್, ಡೆವಲಪರ್‌ಗೆ ಇನ್ನೊಂದು ಇಮೇಜ್ ಆದರೆ ಇಷ್ಟು ಕಷ್ಟಪಟ್ಟದ್ದಕ್ಕೆ ಅರ್ಧ ಫಲ ಮಾತ್ರ.

ಕಂಟೇನರ್ ಒಳಗೂ ನಿಮ್ಮದು ನಿಮ್ಮದಾಗೇ ಉಳಿಯುತ್ತದೆ. ನಿಮ್ಮ ಡಾಟ್‌ಫೈಲ್ಸ್ (ಸ್ವಂತ ಸೆಟ್ಟಿಂಗ್ ಫೈಲುಗಳ) ರೆಪೊ ಯಾವುದು ಅಂತ ಯೂಸರ್ ಸೆಟ್ಟಿಂಗ್ಸ್‌ನಲ್ಲಿ ಹೇಳಿಟ್ಟರೆ, ಪ್ರತಿ ಸಲ ಕಂಟೇನರ್ ಕಟ್ಟಿದಾಗಲೂ ನಿಮ್ಮ ಶೆಲ್ ಅಲಿಯಾಸ್‌ಗಳು ಅಲ್ಲಿಗೆ ಬರುತ್ತವೆ. ಈ ಅನುಕೂಲ ತುಂಬಾ ಜನರಿಗೆ ಗೊತ್ತೇ ಇಲ್ಲ.

ನಡುವಿನ ದಾರಿ: ವರ್ಷನ್ ಫೈಲ್, ನಿಕ್ಸ್

ನಿಮ್ಮ ಸಮಸ್ಯೆ ‘ನನ್ನ ಮೆಷಿನ್‌ನಲ್ಲಿ ಓಡುತ್ತೆ, ನಿನ್ನದರಲ್ಲಿ ಓಡಲ್ಲ’ ಅನ್ನುವುದೇ ಆಗಿದ್ದು, ಕಾರಣ ಬರೀ ಭಾಷೆಯ ವರ್ಷನ್ ಆಗಿದ್ದರೆ ಕಂಟೇನರ್ ಬೇಡವೇ ಬೇಡ. ಎಎಸ್‌ಡಿಎಫ್ ಅಥವಾ ಮೀಸ್ ಅನ್ನುವ, ವರ್ಷನ್ ನೋಡಿಕೊಳ್ಳುವ ಟೂಲ್ ಹಾಕಿ, ‘.ಟೂಲ್-ವರ್ಷನ್ಸ್’ ಫೈಲಿನಲ್ಲಿ ನಾಲ್ಕು ಸಾಲು ಬರೆದರೆ ಮುಗಿಯಿತು. ರಸ್ಟ್‌ನವರಿಗೆ ಟೂಲ್‌ಚೈನ್ ಫೈಲ್ ಇದೆ, ರಸ್ಟಪ್ ಅದನ್ನು ತಾನೇ ಓದುತ್ತದೆ. ಗೋ 1.21ರಿಂದ ‘ಗೋ.ಮಾಡ್’ ಫೈಲೇ ಟೂಲ್‌ಚೈನ್ ವರ್ಷನ್ ಹೇಳಬಲ್ಲದು. ನನ್ನ ಪ್ರಕಾರ ಹೆಚ್ಚಿನ ವೆಬ್ ಟೀಮುಗಳಿಗೆ ಇಷ್ಟು ಸಾಕು.

ನಿಕ್ಸ್ ಅನ್ನುವ ಪ್ಯಾಕೇಜ್ ಮ್ಯಾನೇಜರ್ ಇದಕ್ಕಿಂತ ಎಷ್ಟೋ ದೂರ ಹೋಗುತ್ತದೆ. ಪ್ರತಿ ಟೂಲ್, ಅದರ ಲೈಬ್ರರಿ, ಆ ಲೈಬ್ರರಿಯ ಲೈಬ್ರರಿ, ಎಲ್ಲದರ ನಿಖರ ವರ್ಷನ್ ಲಾಕ್ ಆಗುತ್ತದೆ. ಡಿರೆನ್ವ್ (ಫೋಲ್ಡರಿಗೆ ತಕ್ಕಂತೆ ಶೆಲ್ ಪರಿಸರ ಬದಲಿಸುವ ಟೂಲ್) ಜೊತೆ ಸೇರಿಸಿದರೆ ಫೋಲ್ಡರ್ ಒಳಗೆ ಕಾಲಿಟ್ಟ ಕೂಡಲೇ ಪರಿಸರ ಸಿದ್ಧ. ಕಂಟೇನರ್ ಇಲ್ಲದ್ದರಿಂದ ಮ್ಯಾಕ್‌ನಲ್ಲೂ ಫೈಲ್ ವೇಗ ಕಡಿಮೆಯಾಗುವುದಿಲ್ಲ. ಆದರೆ ಅದರದ್ದೇ ಒಂದು ಭಾಷೆ ಕಲಿಯಬೇಕು, ಎರರ್ ಮೆಸೇಜ್‌ಗಳು ಕಷ್ಟ, ವಿಂಡೋಸ್‌ನಲ್ಲಿ ಡಬ್ಲ್ಯೂಎಸ್‌ಎಲ್ ಇಲ್ಲದೆ ಓಡುವುದಿಲ್ಲ. ಟೀಮಿನಲ್ಲಿ ನಿಕ್ಸ್ ಚೆನ್ನಾಗಿ ಬಲ್ಲವರು ಇಬ್ಬರಾದರೂ ಇದ್ದರೆ ಮಾಡಿ. ಒಬ್ಬರೇ ಇದ್ದರೆ ಅವರು ರಜೆ ಹಾಕಿದ ದಿನ ಎಲ್ಲರೂ ಕೈಕಟ್ಟಿ ಕೂರಬೇಕಾಗುತ್ತದೆ.

ರೆಪೊ ಹತ್ತಾರು ಇದ್ದರೆ

ಒಂದು ರೆಪೊದಲ್ಲಿ ಮಾಡಿದ್ದನ್ನು ಕಾಪಿ ಮಾಡಿ ಎಲ್ಲ ಕಡೆ ಅಂಟಿಸುವುದು ಮೊದಲ ದಿನ ಸರಿ. ಆಮೇಲೆ ಒಂದೊಂದೂ ತನ್ನ ದಾರಿ ಹಿಡಿಯುತ್ತದೆ. ಲಿಂಟರ್ ಮತ್ತು ಫಾರ್ಮ್ಯಾಟರ್ ನಿಯಮಗಳನ್ನು ಒಂದು ಪ್ಯಾಕೇಜ್ ಮಾಡಿ, ಪ್ರತಿ ರೆಪೊ ಅದನ್ನು ಡಿಪೆಂಡೆನ್ಸಿಯಾಗಿ ಪಡೆದರೆ ಯಾವ ರೆಪೊ ಯಾವ ವರ್ಷನ್‌ನಲ್ಲಿದೆ ಅಂತ ಕಾಣುತ್ತದೆ, ಅಪ್‌ಡೇಟ್ ಬಾಟ್ ಕೂಡ ಅದನ್ನು ಏರಿಸಬಹುದು. ಎಡಿಟರ್‌ಕಾನ್ಫಿಗ್‌ನಂಥ ಫೈಲುಗಳಿಗೆ ಈ ಅನುಕೂಲ ಇಲ್ಲ, ಅವುಗಳನ್ನು ಟೆಂಪ್ಲೇಟ್‌ನಿಂದ ಕಾಪಿ ಮಾಡಲೇಬೇಕು. ಅವು ಅಪರೂಪಕ್ಕೆ ಬದಲಾಗುವುದರಿಂದ ನಡೆಯುತ್ತದೆ.

ಗುಟ್ಟಿನ ವಿಷಯ

ಲಾಂಚ್ ಫೈಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಬರೆದು ಕಮಿಟ್ ಮಾಡುವುದು ನಡೆಯುತ್ತಲೇ ಇರುತ್ತದೆ. ಅದರ ಬದಲು ‘.ಎನ್ವ್’ ಫೈಲನ್ನು ಇಗ್ನೋರ್ ಮಾಡಿ, ಲಾಂಚ್‌ನಿಂದ ಅದನ್ನು ಓದುವ ಹಾಗೆ ಬರೆಯಿರಿ, ಹೆಸರುಗಳು ಮಾತ್ರ ಇರುವ ಒಂದು ಮಾದರಿ ಫೈಲನ್ನು ರೆಪೊದಲ್ಲಿಡಿ. ಗುಟ್ಟು ಒಮ್ಮೆ ಕಮಿಟ್ ಆಗಿ ಹೊರಗೆ ಹೋದರೆ ಫೈಲ್ ಅಳಿಸಿದರೆ ಸಾಲದು, ಹಿಸ್ಟರಿಯಲ್ಲಿ ಅದು ಇದ್ದೇ ಇರುತ್ತದೆ. ಪಾಸ್‌ವರ್ಡನ್ನೇ ಬದಲಿಸಬೇಕು.

ಹಂಚಿಕೊಂಡ ಸೆಟ್ಟಿಂಗ್ಸ್ ಅಂದರೆ ಬೇರೆಯವರು ಬರೆದ ಕಮಾಂಡ್ ನಿಮ್ಮ ಮೆಷಿನ್‌ನಲ್ಲಿ ಓಡುವುದು ಅಂತಲೂ ಅರ್ಥ. ಟಾಸ್ಕ್ಸ್ ಫೈಲಿನಲ್ಲಿ ‘ಫೋಲ್ಡರ್ ತೆರೆದಾಗ ಓಡು’ ಅಂತ ಬರೆಯಬಹುದು. ಇಂಥ ಅಪಾಯಗಳಿಗಾಗಿಯೇ 2021ರಲ್ಲಿ ವಿಎಸ್ ಕೋಡ್ ‘ಈ ಫೋಲ್ಡರಿನ ಲೇಖಕರನ್ನು ನಂಬುತ್ತೀರಾ’ ಅಂತ ಕೇಳಲು ಶುರು ಮಾಡಿತು. ಡಿರೆನ್ವ್ ಕೂಡ ಫೈಲ್ ಬದಲಾದಾಗಲೆಲ್ಲ ನಿಮ್ಮ ಒಪ್ಪಿಗೆ ಕೇಳುತ್ತದೆ. ಕಿರಿಕಿರಿ ಅನ್ನಿಸಿದರೂ ಅದನ್ನು ಆಫ್ ಮಾಡಬೇಡಿ.

ಹಾಗಾದರೆ ನಿಮಗೆ ಯಾವುದು?

ಇಬ್ಬರು ಮೂವರ ಟೀಮ್, ಒಂದೇ ಭಾಷೆ: ಎಡಿಟರ್‌ಕಾನ್ಫಿಗ್, ವರ್ಷನ್ ಕಟ್ಟಿದ ಫಾರ್ಮ್ಯಾಟರ್, ಸಿಐಯಲ್ಲಿ ಚೆಕ್. ಇದಕ್ಕಿಂತ ಜಾಸ್ತಿ ಮಾಡಲು ಹೋಗಬೇಡಿ, ಆ ಸಮಯವನ್ನು ಟೆಸ್ಟ್ ಬರೆಯಲು ಬಳಸಿ. ಹತ್ತು ಹದಿನೈದು ಜನ, ಹೆಚ್ಚಿನವರು ಒಂದೇ ಎಡಿಟರ್‌ನಲ್ಲಿದ್ದರೆ ಅದರ ಮೇಲೆ ಎಡಿಟರ್ ಫೋಲ್ಡರ್ ಮತ್ತು ಟೂಲ್ ವರ್ಷನ್ ಫೈಲ್ ಸೇರಿಸಿ. ಸೆಟಪ್ ಕಷ್ಟ, ಸರ್ವಿಸ್‌ಗಳು ಹಲವು, ಹೊಸಬರು ಬರುತ್ತಲೇ ಇರುತ್ತಾರೆ ಅಂದರೆ ಕಂಟೇನರ್‌ಗೆ ಹೋಗಿ, ಆದರೆ ಅದನ್ನು ಕಡ್ಡಾಯ ಮಾಡಬೇಡಿ. ತನ್ನ ಮೆಷಿನ್‌ನಲ್ಲೇ ನೇರವಾಗಿ ಓಡಿಸಲು ಬಯಸುವವರಿಗೆ ಆ ದಾರಿಯೂ ತೆರೆದಿರಲಿ. ಎಂಬೆಡೆಡ್, ವಿಜ್ಞಾನದ ಲೆಕ್ಕಾಚಾರ, ವರ್ಷಗಳ ನಂತರವೂ ಅದೇ ಬಿಲ್ಡ್ ಮತ್ತೆ ಬರಬೇಕು ಅನ್ನುವ ಕೆಲಸವಿದ್ದರೆ ನಿಕ್ಸ್ ಕಲಿಯುವ ಶ್ರಮ ವ್ಯರ್ಥವಾಗುವುದಿಲ್ಲ.

ಯಾವುದನ್ನು ಆರಿಸಿದರೂ ಹಳೆಯ ರೆಪೊದಲ್ಲಿ ತರುವ ಕ್ರಮ ಒಂದಿದೆ. ತೆರೆದಿರುವ ಪುಲ್ ರಿಕ್ವೆಸ್ಟ್‌ಗಳು ಆದಷ್ಟು ಮರ್ಜ್ ಆಗಲಿ, ಒಂದು ಶಾಂತವಾದ ದಿನ ನೋಡಿಕೊಂಡು ಇಡೀ ಕೋಡನ್ನು ಒಮ್ಮೆಲೇ ಫಾರ್ಮ್ಯಾಟ್ ಮಾಡಿ. ಆ ಕಮಿಟ್‌ನಲ್ಲಿ ಫಾರ್ಮ್ಯಾಟ್ ಬಿಟ್ಟು ಬೇರೆ ಒಂದಕ್ಷರವೂ ಇರಬಾರದು. ಹಾಗೆ ಮಾಡಿದರೆ ‘ಗಿಟ್ ಬ್ಲೇಮ್’ (ಯಾವ ಸಾಲು ಯಾರು ಬರೆದದ್ದು ಅಂತ ತೋರಿಸುವ ಕಮಾಂಡ್) ಹಾಳಾಗುತ್ತದೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. 2019ರ ಗಿಟ್ 2.23ರಿಂದ ಅದಕ್ಕೆ ಪರಿಹಾರ ಇದೆ: ‘.ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್’ ಅನ್ನುವ ಫೈಲಿನಲ್ಲಿ ಆ ಕಮಿಟ್‌ನ ಹ್ಯಾಶ್ (ಗುರುತಿನ ಸಂಖ್ಯೆ) ಬರೆದು, ಆ ಫೈಲ್ ನೋಡುವಂತೆ ಗಿಟ್‌ಗೆ ಹೇಳಿದರೆ ಬ್ಲೇಮ್ ಅದನ್ನು ಹಾರಿಸಿ ನಿಜವಾಗಿ ಬರೆದವರನ್ನು ತೋರಿಸುತ್ತದೆ. ಗಿಟ್‌ಹಬ್ ಈ ಹೆಸರಿನ ಫೈಲನ್ನು ತಾನಾಗಿ ಗುರುತಿಸುತ್ತದೆ. ಹ್ಯಾಶ್ ಬರೆಯುವುದು ಮಾತ್ರ ಮರ್ಜ್ ಆದ ಮೇಲೆ, ಬೇರೆ ಕಮಿಟ್‌ನಲ್ಲಿ. ಸ್ಕ್ವಾಶ್ ಮಾಡಿ (ಹಲವು ಕಮಿಟ್ ಸೇರಿಸಿ ಹೊಸದೊಂದು ಮಾಡಿ) ಮರ್ಜ್ ಮಾಡುವ ಟೀಮಾಗಿದ್ದರೆ ಬ್ರ್ಯಾಂಚ್‌ನಲ್ಲಿದ್ದ ಹ್ಯಾಶ್ ಮೇನ್‌ನಲ್ಲಿ ಇರುವುದೇ ಇಲ್ಲ.